ಪ್ರತಿಗಳ ಸರದಿ: ಮಧುಗಿರಿ ಉಪವಿಭಾಗದ ಭೂದಾಖಲೆಗಳನ್ನು ಕುರಿತ ಒಂದು ವಿಚಾರ

ತುಮಕೂರು ಜಿಲ್ಲೆಯ ಉತ್ತರಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯಾಡಳಿತದ ದೃಷ್ಟಿಯಿಂದ ಒಂದೇ ಉಪವಿಭಾಗಕ್ಕೆ ಸೇರಿದವು. ಮಧುಗಿರಿಯಲ್ಲಿರುವ ಉಪವಿಭಾಗಾಧಿಕಾರಿಯ ನ್ಯಾಯಾಲಯಕ್ಕೆ ಈ ನಾಲ್ಕು ಸೀಮೆಗಳಿಂದಲೂ ಖಾತೆಯ ತಕರಾರುಗಳು ಮೇಲ್ಮನವಿಯಾಗಿ ಬರುತ್ತವೆ. ಇತಿಹಾಸದ ವಿದ್ಯಾರ್ಥಿಗೆ ಇವು ಬೇರೆ ಕಾರಣಗಳಿಂದ ಪರಿಚಿತವಾದ ಊರುಗಳು. ಶಿರಾ ೧೬೮೭ರಲ್ಲಿ ಮೊಗಲರ ವಶವಾಗಿ, ಅನಂತರ ಅವರ ಕರ್ನಾಟಕ ಸುಭೆಯ ಮುಖ್ಯಸ್ಥಾನವಾಯಿತು. ಮಧುಗಿರಿ, ಕೊರಟಗೆರೆ, ಪಾವಗಡಗಳು ಪಾಳೆಯಗಾರರ ನೆಲೆಗಳೆಂದು ಹೆಸರಾದವು. ಪ್ರಕೃತ ಲೇಖನದಲ್ಲಿ ನಾವು ಕೋಟೆಕೊತ್ತಲಗಳ ಮಾತನ್ನು ಬದಿಗಿಟ್ಟು, ಇಲ್ಲಿಯ ರೈತನ ಬಾಳಿಗೆ ಕೋಟೆಗಿಂತ ಹತ್ತಿರವಾದ ಒಂದು ವಸ್ತುವನ್ನು, ಎಂದರೆ ಜಮೀನಿನ ದಾಖಲೆಯನ್ನು, ಎತ್ತಿಕೊಂಡಿದ್ದೇವೆ. ಅದರಲ್ಲಿಯೂ ದಾಖಲೆಯ ವಿಷಯವನ್ನಲ್ಲ, ದಾಖಲೆಗಳನ್ನು ಪ್ರತಿಮಾಡುವ ಕೆಲಸವು ಯಾವ ಸರದಿಯಲ್ಲಿ ನಡೆಯಿತು, ಯಾವುದಕ್ಕೆ ಆದ್ಯತೆ ದೊರೆಯಿತು ಎಂಬುದನ್ನು ವಿಚಾರಿಸುವುದು ನಮ್ಮ ಉದ್ದೇಶ.

ಸರದಿಯ ಪ್ರಶ್ನೆ ಮೇಲುನೋಟಕ್ಕೆ ಗುಮಾಸ್ತರ ಪ್ರಶ್ನೆ. ಮಾಡಬೇಕಾದ ಪ್ರತಿಗಳು ನೂರಿವೆ, ಮಾಡುವ ಕೈ ಒಂದೇ ಇದೆ. ಯಾವುದನ್ನು ಮೊದಲು ಮಾಡಿದರೇನು, ಕೊನೆಗೆ ಎಲ್ಲವೂ ಮುಗಿಯುವುದಷ್ಟೆ ಎಂದು ಯಾರಾದರೂ ಹೇಳಬಹುದು. ಆದರೆ ಎಲ್ಲವೂ ಮುಗಿಯುವುದಿಲ್ಲವೆಂಬುದು ದಾಖಲೆಗಳ ನಡುವೆ ಕೆಲಸಮಾಡಿದ ಪ್ರತಿಯೊಬ್ಬನ ಅನುಭವ. ಸರದಿಯ ಕೊನೆಯಲ್ಲಿ ನಿಂತದ್ದು ಕಾಯುತ್ತದೆ. ಕಾಯುತ್ತಿರುವಾಗಲೇ ಗೆದ್ದಲು ಹತ್ತುತ್ತದೆ, ಮಾಡು ಸೋರುತ್ತದೆ, ಕಚೇರಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುತ್ತದೆ, ಗಂಟಿನ ಗುರುತು ತಿಳಿದಿದ್ದ ಗುಮಾಸ್ತರು ನಿವೃತ್ತರಾಗುತ್ತಾರೆ. ಆದಕಾರಣ, ಯಾವುದನ್ನು ಮೊದಲು ಪ್ರತಿಮಾಡಬೇಕೆಂಬ ನಿರ್ಣಯವು ಬಹುಮಟ್ಟಿಗೆ ಮುಂದೆ ಯಾವುದು ಉಳಿಯಬೇಕೆಂಬ ನಿರ್ಣಯವೇ ಆಗಿದೆ. ಈ ನಿರ್ಣಯವನ್ನು ಮಾಡಿದವರು ಅದನ್ನು ನಿರ್ಣಯವೆಂದು ಭಾವಿಸಿ ಬರೆದಿಟ್ಟಿರುವುದು ಅಪೂರ್ವ.

ಹಿಂದಿನ ಕಾಲದ ಸ್ಥಿತಿಯನ್ನು ಮೊದಲು ಸಂಕ್ಷೇಪವಾಗಿ ನೋಡೋಣ. ಗ್ರಾಮದ ಲೆಕ್ಕ ವಂಶಪಾರಂಪರ್ಯವಾಗಿ ಶಾನುಭೋಗರ ಕೈಯಲ್ಲಿತ್ತು. ಲೆಕ್ಕದ ಪುಸ್ತಕಗಳು ಅವರ ಮನೆಯ ಪೆಟ್ಟಿಗೆಯಲ್ಲಿಯೇ ಇರುತ್ತಿದ್ದವು. ಕಾಗದ ಬಳಕೆಗೆ ಬರುವ ಮೊದಲೂ, ಬಂದ ಮೇಲೆ ಎಷ್ಟೋ ಕಾಲವೂ, ಅವರು ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುವುದು ಪದ್ಧತಿ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಈ ಗುಣ ಕಡತಕ್ಕೆ ಬಲವೂ ಹೌದು, ದೌರ್ಬಲ್ಯವೂ ಹೌದು. ತೀರಿದ ಲೆಕ್ಕವನ್ನು ಅಳಿಸಿ ಅದೇ ಬಟ್ಟೆಯನ್ನು ಮುಂದಿನ ವರ್ಷಕ್ಕೆ ಉಪಯೋಗಿಸುತ್ತಿದ್ದ ಶಾನುಭೋಗರು ಯಾವ ಲೆಕ್ಕ ತೀರಿತು, ಯಾವುದು ತೀರಿಲ್ಲ ಎಂಬುದನ್ನು ತಾವೇ ನಿರ್ಣಯಿಸುತ್ತಿದ್ದರು. ಅಳಿಸುವ ಸರದಿಯ ಕೀಲಿಕೈ ಅವರ ಬಳಿಯಲ್ಲಿತ್ತು. ಕಡತವೆಂಬ ಮಾತು ಇಂದು ಕಚೇರಿಯ ಫೈಲಿಗೆ ಸಲ್ಲುತ್ತಿದೆ. ಮಾತು ಉಳಿದು ವಸ್ತು ಮರೆಯಾಯಿತು.

ಮೈಸೂರು ಸಂಸ್ಥಾನದಲ್ಲಿ ಕಂದಾಯದ ಮೋಜಣಿ ೧೮೬೩ರಲ್ಲಿ ಆರಂಭವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ದಶಕಗಳ ಕಾಲ ಸಾಗಿತು. ಅದರ ಫಲವಾಗಿ ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು, ಟಿಪ್ಪಣಿ, ಆಕಾರಬಂದು ದೊರೆತವು. ಗ್ರಾಮದ ಲೆಕ್ಕದ ಜೊತೆಗೆ ಸರ್ಕಾರದ ಕಚೇರಿಯಲ್ಲಿಯೂ ಒಂದು ದಾಖಲೆ ನಿಂತಿತು. ಶಾಸನಗಳ ಪ್ರತಿಮಾಡುವ ಕಾರ್ಯಕ್ಕೂ ಇಂತಹುದೇ ಒಂದು ಸರದಿ ಇದ್ದಿತು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ತುಮಕೂರು ಜಿಲ್ಲೆಗೆ ದೊರೆತದ್ದು ಹನ್ನೆರಡನೆಯ ಸಂಪುಟ. ಅದು ೧೯೦೪ರಲ್ಲಿ ಹೊರಬಂತು. ಕೊಡಗಿನ ಶಾಸನಗಳ ಮೊದಲ ಸಂಪುಟ ಪ್ರಕಟವಾದದ್ದು ೧೮೮೬ರಲ್ಲಿ. ನಡುವಣ ಹದಿನೆಂಟು ವರ್ಷಗಳಲ್ಲಿ ನಮ್ಮ ಸೀಮೆಯ ಎಷ್ಟು ಕಲ್ಲುಗಳು ಕೆರೆಯ ತೂಬಿಗೂ ಮನೆಯ ಮೆಟ್ಟಲಿಗೂ ಹೋಗಿರಬಹುದೆಂದು ಯಾರು ತಾನೆ ಲೆಕ್ಕ ಹೇಳಬಲ್ಲರು? ರೈಸ್ ಅವರನ್ನು ದೂರುವುದು ನಮ್ಮ ಇಂಗಿತವಲ್ಲ. ಒಬ್ಬನ ಆಯುಷ್ಯದಲ್ಲಿ ಅಷ್ಟು ಕಾರ್ಯ ನಡೆದದ್ದೇ ಆಶ್ಚರ್ಯ.

ಗ್ರಾಮದ ಹಳೆಯ ಹುದ್ದೆಗಳನ್ನು ರದ್ದುಮಾಡಿದ ಶಾಸನ ೧೯೬೧ರದು. ಅದು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂತು. ಶಾನುಭೋಗರ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಮನೆಯ ಪೆಟ್ಟಿಗೆಯ ಲೆಕ್ಕಗಳು ಸರ್ಕಾರದ ವಶಕ್ಕೆ ಬರಬೇಕಾಯಿತು. ಮರುವರ್ಷ, ೧೯೬೪ರ ಭೂಕಂದಾಯ ಕಾಯಿದೆಯೊಡನೆ, ಹಕ್ಕುದಾಖಲೆಯ ಇಂದಿನ ಕಟ್ಟಡಕ್ಕೆ ತಳಹದಿ ಬಿತ್ತು. ನಮ್ಮ ದೃಷ್ಟಿಯಲ್ಲಿ ಈ ಎರಡು ವರ್ಷಗಳ ಅಂಚು ಬಹಳ ಮುಖ್ಯವಾದುದು. ಅಂಚಿನ ಈಚೆಗಿನ ಕಾಗದಗಳಿಗೆ ನಮೂನೆಯಿದೆ, ಸಂಖ್ಯೆಯಿದೆ. ಆಚೆಗಿನವು ತಾಲ್ಲೂಕು ಕಚೇರಿಗಳ ದಾಖಲೆಕೊಠಡಿಗಳಲ್ಲಿ ರುಮಾಲುಗಳಾಗಿ, ಎಂದರೆ ಬಟ್ಟೆಯಲ್ಲಿ ಕಟ್ಟಿದ ಗಂಟುಗಳಾಗಿ, ಕುಳಿತುಬಿಟ್ಟವು.

ಈಗ ೨೦೦೦ಕ್ಕೆ ಬರೋಣ. ಕರ್ನಾಟಕ ಸರ್ಕಾರದ ಕಂದಾಯ ಇಲಾಖೆ ಭೂಮಿ ಎಂಬ ಹೆಸರಿನ ಯೋಜನೆಯಲ್ಲಿ ರಾಜ್ಯದ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿತು. ತಂತ್ರಾಂಶವನ್ನು ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಸುಮಾರು ೬೭ ಲಕ್ಷ ಭೂಮಾಲೀಕರಿಗೆ ಸಂಬಂಧಪಟ್ಟ ಸುಮಾರು ೨ ಕೋಟಿ ಪಹಣಿಗಳನ್ನು ಬೆರಳಚ್ಚಿನ ಮನೆಗಳಲ್ಲಿ ಕೂತು ತುಂಬಿಸಿದರು. ಆಗಿನ ೧೭೭ ತಾಲ್ಲೂಕುಗಳಲ್ಲಿಯೂ ಗಣಕಕೇಂದ್ರಗಳು ತೆರೆದವು. ಒಂದು ತಾಲ್ಲೂಕಿನಲ್ಲಿ ಕೇಂದ್ರ ಕೆಲಸ ಆರಂಭಿಸಿದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ರೈತನು ೧೫ ರೂಪಾಯಿ ಕೊಟ್ಟು ಅಚ್ಚಾದ ಪ್ರತಿಯನ್ನು ಕಿಟಕಿಯಲ್ಲಿ ಪಡೆಯತೊಡಗಿದನು. ಅವನಿಗೆ ಕಾಣುವಂತೆ ಎರಡನೆಯ ಒಂದು ಪರದೆಯನ್ನೂ ಇರಿಸಿದ್ದರು. ಅಧಿಕಾರಿಗಳು ಯಂತ್ರವನ್ನು ಪ್ರವೇಶಿಸಬೇಕಾದರೆ ಬೆರಳಿನ ಗುರುತು ಕೊಡಬೇಕಾಗಿತ್ತು.

ಇದೆಲ್ಲಕ್ಕಿಂತಲೂ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ನಿಯಮವನ್ನು ಆ ತಂತ್ರಾಂಶದಲ್ಲಿಯೇ ಹೆಣೆದಿದ್ದರು. ಖಾತೆಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲಿಯೇ ತೀರ್ಮಾನವಾಗಬೇಕು. ಹಿಂದೆ ಬಂದದ್ದನ್ನು ಮುಂದಕ್ಕೆ ಎಳೆಯಲು ಗುಮಾಸ್ತರಿಗೆ ಅವಕಾಶವಿರಬಾರದು. ಮೊದಲು ಬಂದವನಿಗೆ ಮೊದಲು ಎಂಬ ಈ ನಿಯಮ ಹಿಟ್ಟಿನ ಗಿರಣಿಯಲ್ಲಿ ಎಲ್ಲರೂ ಬಲ್ಲದ್ದು. ಕಚೇರಿಯಲ್ಲಿ ಅದು ಹೊಸದು. ಅದಕ್ಕೆ ಮೊದಲು ಅರ್ಜಿಯ ಸ್ಥಾನವನ್ನು ನಿರ್ಣಯಿಸುತ್ತಿದ್ದುದು ಮೇಜಿನ ಮೇಲಿನ ರಾಶಿ. ರಾಶಿಯಲ್ಲಿ ಕಾಗದವೊಂದು ಮೇಲಕ್ಕೆ ಬರುವುದಕ್ಕೆ ಯಾವ ಯಾವ ಉಪಾಯಗಳಿದ್ದವೆಂಬುದನ್ನು ಈ ನಾಲ್ಕು ತಾಲ್ಲೂಕುಗಳ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ನೋಟೀಸು ಕೊಟ್ಟು ಮೂವತ್ತು ದಿನ ತಕರಾರಿಗಾಗಿ ಕಾಯಬೇಕೆಂಬುದು ಆ ವರ್ಷಗಳ ಕ್ರಮ. ಅದಾದ ಮೇಲೂ ಕಾಯಿಸುವುದು ಕಚೇರಿಯ ಕೈಯಲ್ಲಿತ್ತು. ಆ ಕೈಯನ್ನು ಸರದಿಯ ನಿಯಮ ಕಟ್ಟಿತು.

ಆದರೂ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಸರದಿಯ ನ್ಯಾಯವು ಸರದಿಯಲ್ಲಿ ನಿಂತವರಿಗೆ ಮಾತ್ರ. ಕ್ರಯದ ಜಮೀನಾದರೆ ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿತವಾಗುತ್ತದೆ. ೨೦೦೩ರಲ್ಲಿ ಬಂದ ಕಾವೇರಿ ತಂತ್ರಾಂಶವನ್ನು ಮುಂದೆ ಭೂಮಿಯೊಡನೆ ಬೆಸೆದ ಮೇಲೆ ಅಲ್ಲಿಯ ವರದಿ ತಾನಾಗಿಯೇ ತಾಲ್ಲೂಕಿನ ಸರದಿಗೆ ಬಂದು ಸೇರುತ್ತದೆ. ತಂದೆ ತೀರಿಹೋಗಿ ಮಕ್ಕಳ ಹೆಸರಿಗೆ ಆಗಬೇಕಾದ ಪೌತಿ ಖಾತೆಯ ಕಥೆ ಹಾಗಲ್ಲ. ಮರಣದ ದಾಖಲೆ, ವಂಶವೃಕ್ಷ ಹಿಡಿದು ಯಾರಾದರೂ ಬಂದು ಅರ್ಜಿ ಕೊಡಬೇಕು. ಮುದುಕಿಯೊಬ್ಬಳು ಬಾರದೆಹೋದರೆ, ಅಣ್ಣತಮ್ಮಂದಿರಲ್ಲಿ ಮಾತು ನಿಂತಿದ್ದರೆ, ಆ ಕೆಲಸ ಸರದಿಗೆ ಸೇರುವುದೇ ಇಲ್ಲ. ಅಜ್ಜನ ಹೆಸರಿನಲ್ಲಿ ಪಹಣಿ ಓಡುತ್ತಲೇ ಇರುತ್ತದೆ. ಸರ್ಕಾರ ಆಗಾಗ ಪೌತಿ ಖಾತೆಯ ಆಂದೋಲನಗಳನ್ನು ನಡೆಸಬೇಕಾಗಿ ಬಂದದ್ದು ಈ ಕಾರಣದಿಂದ.

ಇಲ್ಲಿಯವರೆಗೆ ಹೇಳಿದ್ದು ಅರ್ಜಿಗಳ ಸರದಿ. ಪ್ರತಿಗಳ ಸರದಿ ಇದಕ್ಕಿಂತ ಭಿನ್ನವೆಂಬುದು ನಮ್ಮ ವಾದ. ದಾಖಲೆ ಗಣಕಯಂತ್ರಕ್ಕೆ ಬಂದರೂ ನಾಶದ ಭಯ ತಪ್ಪಲಿಲ್ಲ. ಗೆದ್ದಲಿನ ಸ್ಥಾನದಲ್ಲಿ ಕೆಟ್ಟ ತಟ್ಟೆಯೂ ಕಡಿದುಹೋದ ವಿದ್ಯುತ್ತೂ ಬಂದವು. ಆದ್ದರಿಂದ ಯಂತ್ರದಲ್ಲಿರುವುದಕ್ಕೂ ಮತ್ತೊಂದು ಪ್ರತಿ ಬೇಕು. ಕಚೇರಿಗಳಲ್ಲಿ ಬ್ಯಾಕಪ್ ಎಂದು ರೂಢಿಯಾಗಿರುವ ಈ ರಕ್ಷಣಾಪ್ರತಿಗೆ ದೊಡ್ಡ ಸಂಸ್ಥೆಗಳು ಬಹುಕಾಲದಿಂದ ನಂಬಿರುವುದು ಕಾಂತಲೇಪನದ ಪಟ್ಟಿಯನ್ನು, ಎಂದರೆ ಟೇಪನ್ನು. ಐ.ಬಿ.ಎಂ. ಸಂಸ್ಥೆ ೧೯೫೨ರಲ್ಲಿ ಗಣಕಕ್ಕೆ ಟೇಪನ್ನು ಜೋಡಿಸಿತು. ಭೂಮಿ ಆರಂಭವಾದ ೨೦೦೦ದಲ್ಲಿಯೇ ಎಲ್.ಟಿ.ಒ. ಎಂಬ ಸಾಮಾನ್ಯ ಮಾದರಿಯ ಟೇಪು ಮಾರುಕಟ್ಟೆಗೆ ಬಂತು. ಅದರ ಮೊದಲ ಪೀಳಿಗೆಯ ಒಂದು ಸುರುಳಿಯಲ್ಲಿ ೧೦೦ ಗಿಗಾಬೈಟು ಹಿಡಿಯುತ್ತಿತ್ತು. ೨೦೨೧ರ ಒಂಬತ್ತನೆಯ ಪೀಳಿಗೆಯದರಲ್ಲಿ ೧೮ ಟೆರಾಬೈಟು ಹಿಡಿಯುತ್ತದೆ. ಕಪಾಟಿನಲ್ಲಿ ಇರಿಸಿದ ಸುರುಳಿಗೆ ವಿದ್ಯುತ್ತು ಬೇಡ, ದೂರದಿಂದ ಅದನ್ನು ಕೆಡಿಸಲು ಯಾರಿಗೂ ಸಾಧ್ಯವಿಲ್ಲ. ಹಳೆಯದೆಂದು ನಕ್ಕವರೂ ಇದಕ್ಕಾಗಿಯೇ ಅದನ್ನು ಬಿಟ್ಟಿಲ್ಲ.

ಟೇಪಿನ ಸ್ವಭಾವ ಕಡತದ ಸ್ವಭಾವವನ್ನು ಹೋಲುತ್ತದೆ. ಅದನ್ನೂ ಅಳಿಸಿ ಮತ್ತೆ ಬರೆಯಬಹುದು. ಅದರಲ್ಲಿಯೂ ನಡುವಣ ಒಂದು ಪುಟ ಬೇಕಾದರೆ ಸುರುಳಿಯನ್ನು ಅಲ್ಲಿಯವರೆಗೂ ಓಡಿಸಬೇಕು. ಯಂತ್ರಶಾಸ್ತ್ರಜ್ಞರು ಸುರುಳಿಗಳನ್ನು ಸುತ್ತಿನಲ್ಲಿ ಬಳಸುವ ಕ್ರಮಕ್ಕೆ ಅಜ್ಜ, ತಂದೆ, ಮಗ ಎಂದೇ ಹೆಸರಿಟ್ಟಿದ್ದಾರೆ. ದಿನದ ಸುರುಳಿ ಮಗ, ವಾರದ್ದು ತಂದೆ, ತಿಂಗಳಿನದು ಅಜ್ಜ. ಮಗನನ್ನು ಬೇಗ ಅಳಿಸಿ ಮತ್ತೆ ಬರೆಯುತ್ತಾರೆ, ಅಜ್ಜನನ್ನು ದೀರ್ಘಕಾಲ ಕಾಪಾಡುತ್ತಾರೆ. ಪಹಣಿಯಲ್ಲಿ ಅಜ್ಜನ ಹೆಸರು ಅಳಿಯದೆ ಉಳಿಯುವ ನಮ್ಮ ಸೀಮೆಯವರಿಗೆ ಈ ಹೆಸರು ಸ್ವಲ್ಪ ನಗೆಯನ್ನು ತಂದೀತು.

ಸರದಿಯ ಸಮಸ್ಯೆ ಹುಟ್ಟುವುದು ಹೀಗೆ. ಪ್ರತಿಮಾಡಬೇಕಾದ ಯಂತ್ರಗಳು ಹಲವು; ಟೇಪು ಓಡಿಸುವ ಯಂತ್ರಗಳು ಒಂದೋ ಎರಡೋ. ಹಗಲು ಜನರ ಕೆಲಸ ನಡೆಯುವಾಗ ಪ್ರತಿಯ ಕೆಲಸ ತೊಡಕಾಗುತ್ತದೆ. ಆದ್ದರಿಂದ ಅದಕ್ಕೆ ದೊರೆಯುವುದು ರಾತ್ರಿಯ ಕೆಲವು ಗಂಟೆಗಳು. ಕತ್ತಲಾದಾಗ ಎಲ್ಲ ಕೆಲಸಗಳೂ ಒಮ್ಮೆಗೇ ಬಂದು ಸಾಲುಗಟ್ಟುತ್ತವೆ. ಟೇಪು ನಿಲ್ಲದೆ ಓಡಿದರೆ ಮಾತ್ರ ಸಮರ್ಥ. ಬರುವ ದತ್ತಾಂಶ ನಿಧಾನವಾದರೆ ಅದು ನಿಂತು, ಹಿಂದೆ ಸರಿದು, ಮತ್ತೆ ಮುಂದೆ ಹೋಗಬೇಕು. ಹೀಗೆ ಹಿಂದೆ ಮುಂದೆ ಉಜ್ಜುತ್ತ ಸುರುಳಿಯೂ ಸವೆಯುತ್ತದೆ, ರಾತ್ರಿಯೂ ಸವೆಯುತ್ತದೆ. ಅದನ್ನು ತಪ್ಪಿಸಲು ಹಲವು ಕಡೆಯ ದತ್ತಾಂಶವನ್ನು ಹೆಣೆದು ಒಂದೇ ಸುರುಳಿಗೆ ಬರೆಯುವುದುಂಟು; ಇಲ್ಲವೆ ಮೊದಲು ತಟ್ಟೆಯ ಮೇಲೆ ಕೂಡಿಸಿಕೊಂಡು ಆಮೇಲೆ ಟೇಪಿಗೆ ಒಂದೇ ಓಟದಲ್ಲಿ ಇಳಿಸುವುದುಂಟು.

ಬಂದ ಕ್ರಮದಲ್ಲಿಯೇ ಮಾಡೋಣವೆಂದರೆ, ಸಂಜೆ ಮೊದಲು ಸಾಲಿಗೆ ನಿಂತ ನಿರುಪಯುಕ್ತವಾದ ದೊಡ್ಡ ಕೆಲಸವೊಂದು ಇಡೀ ರಾತ್ರಿಯನ್ನು ನುಂಗಿ, ನಾಳೆ ಬೆಳಗ್ಗೆ ರೈತರಿಗೆ ಬೇಕಾದ ದತ್ತಾಂಶಕ್ಕೆ ಪ್ರತಿಯೇ ಇಲ್ಲದಂತೆ ಮಾಡಬಹುದು. ಆದ್ದರಿಂದ ಕೆಲಸಕ್ಕೆ ಆದ್ಯತೆಯ ಅಂಕಿ ಕೊಡುತ್ತಾರೆ. ಕರ್ನ್ ಸಿಬಾಲ್ಡ್ ಎಂಬವರು ೨೦೦೦ದಲ್ಲಿ ಆರಂಭಿಸಿದ ಬ್ಯಾಕುಲಾ ಎಂಬ ಮುಕ್ತ ತಂತ್ರಾಂಶದಲ್ಲಿ ಬೇರೆ ಹೇಳದಿದ್ದರೆ ಪ್ರತಿಯೊಂದು ಕೆಲಸದ ಅಂಕಿ ೧೦. ಅಂಕಿ ಕಡಮೆಯಾದಷ್ಟೂ ಆದ್ಯತೆ ಹೆಚ್ಚು. ಅಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹತ್ತರ ಕೆಲಸ ನಡೆಯುತ್ತಿರುವಾಗ ಐದರ ಕೆಲಸ ಬಂದರೆ ನಡೆಯುತ್ತಿರುವುದನ್ನು ಅದು ನಿಲ್ಲಿಸುವುದಿಲ್ಲ, ಮುಗಿಯುವವರೆಗೆ ಕಾಯುತ್ತದೆ. ಅದು ಕಾಯುತ್ತಿರುವಷ್ಟು ಹೊತ್ತೂ ಸಾಲಿನಲ್ಲಿರುವ ಬೇರೆ ಹತ್ತರ ಕೆಲಸಗಳು ಸಾಮಾನ್ಯವಾಗಿ ಆರಂಭವಾಗುವುದಿಲ್ಲ. ಟೇಪಿನ ಯಂತ್ರವೊಂದು ಖಾಲಿಯಿದ್ದರೂ ಖಾಲಿಯೇ ಇರುತ್ತದೆ. ದೊಡ್ಡ ಮನುಷ್ಯರು ಬರುತ್ತಾರೆಂದು ಕಿಟಕಿ ಮುಚ್ಚಿ, ಸಾಲಿನಲ್ಲಿದ್ದವರನ್ನೆಲ್ಲ ಬಿಸಿಲಿನಲ್ಲಿ ನಿಲ್ಲಿಸಿದ ಕಚೇರಿಯನ್ನು ಕಂಡವರಿಗೆ ಇದನ್ನು ವಿವರಿಸುವುದು ಅನಾವಶ್ಯಕ. ಬಹಳ ಕೆಲಸಗಳಿಗೆ ಮೇಲಿನ ಅಂಕಿಯನ್ನು ಕೊಟ್ಟ ಆಡಳಿತಗಾರನು ಯಾವುದಕ್ಕೂ ಆದ್ಯತೆ ಕೊಡದವನಷ್ಟೇ ಕಷ್ಟಕ್ಕೆ ಸಿಕ್ಕುತ್ತಾನೆ.

ಇನ್ನೊಂದು ದೋಷ ಇದಕ್ಕಿಂತ ಗಾಢವಾದುದು, ಇತಿಹಾಸಕಾರನಿಗೆ ಹೆಚ್ಚು ಸಂಬಂಧಪಟ್ಟದ್ದು. ಮೇಲಿನ ಆದ್ಯತೆಯ ಕೆಲಸಗಳು ಪ್ರತಿ ರಾತ್ರಿಯೂ ಹೊಸದಾಗಿ ಬರುತ್ತಲೇ ಇದ್ದರೆ ಕೆಳಗಿನ ಆದ್ಯತೆಯದು ಎಂದಿಗೂ ಟೇಪಿನ ಮುಖವನ್ನು ಕಾಣುವುದಿಲ್ಲ. ಅದನ್ನು ಬೇಡವೆಂದು ಯಾರೂ ಆಜ್ಞೆ ಮಾಡಿರುವುದಿಲ್ಲ. ಅದು ಸಾಲಿನಲ್ಲಿಯೇ ಇರುತ್ತದೆ, ಪಟ್ಟಿಯಲ್ಲಿ ಅದರ ಹೆಸರೂ ಇರುತ್ತದೆ. ಶಾಸ್ತ್ರಜ್ಞರು ಇದನ್ನು ಸರದಿಯ ಉಪವಾಸವೆನ್ನುತ್ತಾರೆ. ಪರಿಹಾರವಾಗಿ ಎರಡು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಮೊದಲನೆಯದು, ಕಾದಷ್ಟೂ ಕೆಲಸದ ಆದ್ಯತೆ ತಾನಾಗಿ ಏರುವಂತೆ ಮಾಡುವುದು. ಎರಡನೆಯದನ್ನು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ೧೯೯೦ರ ದಶಕದ ಆದಿಯಲ್ಲಿ ಸಿದ್ಧವಾದ ಅಮಾಂಡ ಎಂಬ ವ್ಯವಸ್ಥೆಯಲ್ಲಿ ಕಾಣುತ್ತೇವೆ. ಅಲ್ಲಿ ಆಡಳಿತಗಾರನು ಒಂದು ಆವರ್ತದ ಅವಧಿಯನ್ನು ಹೇಳುತ್ತಾನೆ. ಆ ಅವಧಿಯೊಳಗೆ ಪ್ರತಿಯೊಂದು ತಟ್ಟೆಗೂ ಒಮ್ಮೆಯಾದರೂ ಪೂರ್ಣಪ್ರತಿ ಆಗುವಂತೆ, ಯಾವ ರಾತ್ರಿಗೆ ಯಾವುದೆಂದು ವ್ಯವಸ್ಥೆಯೇ ಹಂಚಿ, ಹೊರೆಯನ್ನು ಸಮಮಾಡುತ್ತದೆ. ಮಿಕ್ಕ ರಾತ್ರಿಗಳಲ್ಲಿ ಬದಲಾದಷ್ಟನ್ನು ಮಾತ್ರ ಬರೆಯುತ್ತದೆ. ಈ ಎರಡನೆಯ ಉಪಾಯ ನಮಗೆ ಬಹಳ ಹಿಡಿಸಿತು. ಇದರಲ್ಲಿ ಯಾರೂ ದೊಡ್ಡವರಲ್ಲ. ಆದರೆ ಯಾರನ್ನೂ ಗಡುವಿನ ಆಚೆಗೆ ಕಾಯಿಸುವಂತಿಲ್ಲ.

ಈ ಬೆಳಕಿನಲ್ಲಿ ೨೦೦೦ದ ನಿರ್ಣಯವನ್ನು ಮತ್ತೆ ನೋಡಬಹುದು. ಆಗ ಗಣಕಕ್ಕೆ ಬಂದದ್ದು ಚಾಲ್ತಿಯಲ್ಲಿದ್ದ ಪಹಣಿ, ಎಂದರೆ ಅಂದಿನ ದಿನದ ಹಕ್ಕಿನ ಚಿತ್ರ. ಆ ಚಿತ್ರ ಹೇಗೆ ಆಯಿತೆಂಬುದನ್ನು ಹೇಳುವ ಹಳೆಯ ಹಕ್ಕುಬದಲಾವಣೆಯ ವಹಿಗಳು, ದರಖಾಸ್ತಿನ ಕಡತಗಳು, ಸಾಗುವಳಿ ಚೀಟಿಯ ಪ್ರತಿಗಳು ರುಮಾಲುಗಳಲ್ಲಿಯೇ ಉಳಿದವು. ಎರಡು ಕೋಟಿ ಪಹಣಿಗಳನ್ನು ಎರಡೇ ವರ್ಷಗಳಲ್ಲಿ ಮುಗಿಸಬೇಕಾದವರು ಬೇರೆ ರೀತಿಯಾಗಿ ನಡೆಯುವುದು ಸಾಧ್ಯವಿರಲಿಲ್ಲ. ಅವರ ಆದ್ಯತೆ ಸರಿಯಾಗಿಯೇ ಇದ್ದಿತೆಂದು ನಾವು ಒಪ್ಪುತ್ತೇವೆ. ನಮ್ಮ ಆಕ್ಷೇಪಣೆ ಅನಂತರದ ಕಾಲದ ಮೇಲೆ. ಮೇಲಿನ ಅಂಕಿಯ ಹೊಸ ಕೆಲಸಗಳು ಒಂದಾದ ಮೇಲೊಂದರಂತೆ ಬಂದವು: ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು, ೨೦೧೨ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, ನೋಂದಣಿಯೊಡನೆ ಬೆಸುಗೆ, ಮೋಜಣಿಯ ನಕ್ಷೆಗಳು. ಒಂದೊಂದೂ ಜನರಿಗೆ ಬೇಕಾದದ್ದೇ. ರುಮಾಲುಗಳು ಕಾದವು. ಅಲ್ಲಲ್ಲಿ ಬಿಡಿ ಯತ್ನಗಳು ನಡೆದುವಾದರೂ, ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ವ್ಯವಸ್ಥಿತವಾಗಿ ಸ್ಕ್ಯಾನ್ ಮಾಡುವ ಕಾರ್ಯ ಭೂ ಸುರಕ್ಷಾ ಎಂಬ ಹೆಸರಿನಲ್ಲಿ ಆರಂಭವಾದದ್ದು ೨೦೨೪ರಲ್ಲಿ, ಮೊದಲು ಜಿಲ್ಲೆಗೊಂದು ತಾಲ್ಲೂಕಿನಂತೆ. ಭೂಮಿಗೂ ಇದಕ್ಕೂ ನಡುವೆ ಇಪ್ಪತ್ತನಾಲ್ಕು ವರ್ಷಗಳ ಉಪವಾಸ.

ಈ ಉಪವಾಸದ ಬೆಲೆಯೇನೆಂಬುದಕ್ಕೆ ಪಾವಗಡಕ್ಕೆ ಹೋಗಬೇಕು. ಆಂಧ್ರದ ಸೀಮೆ ಬಹುತೇಕ ಸುತ್ತುವರಿದಿರುವ ಈ ತಾಲ್ಲೂಕಿನಲ್ಲಿ ಮಳೆ ಕಡಮೆ, ಬಿಸಿಲು ಧಾರಾಳ. ತಿರುಮಣಿ, ಬಾಲಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟಿನ ಸೌರವಿದ್ಯುತ್ ಉದ್ಯಾನ ಎದ್ದಿತು. ೨೦೧೮ರಲ್ಲಿ ಅದರ ಮೊದಲ ಹಂತ, ೨೦೧೯ರ ಕೊನೆಗೆ ಪೂರ್ಣರೂಪ. ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ ಎಂದು ಗೊತ್ತಾಯಿತು. ಬರದ ನೆಲದಲ್ಲಿ ಇದು ಸಣ್ಣ ಮೊತ್ತವಲ್ಲ. ಆದರೆ ಗುತ್ತಿಗೆಯ ಪತ್ರಕ್ಕೆ ಸಹಿ ಹಾಕಬೇಕಾದವನು ಪಹಣಿಯ ಒಡೆಯನು. ತೀರಿಹೋದ ಅಜ್ಜ ಸಹಿ ಹಾಕಲಾರನು. ತಲೆಮಾರುಗಳಿಂದ ಉಳುತ್ತಿದ್ದರೂ ಸಾಗುವಳಿ ಚೀಟಿಯ ಮೂಲ ದೊರೆಯದವನಿಗೆ ಉತ್ತದ್ದು ಸಾಕ್ಷಿಯಾಗಲಾರದು. ಅವನಿಗೆ ಬೇಕಾದ ಕಾಗದ, ಇದ್ದರೆ, ರುಮಾಲಿನಲ್ಲಿದೆ. ಚಾಲ್ತಿ ಪಹಣಿಯಲ್ಲಿ ಸರಿಯಾಗಿ ಹೆಸರಿದ್ದವನಿಗೆ ಗಣಕವು ನಿಮಿಷದಲ್ಲಿ ಪ್ರತಿ ಕೊಟ್ಟಿತು. ಹೆಸರಿಲ್ಲದವನೇ ಹಳೆಯ ದಾಖಲೆಗೆ ಬರಬೇಕಾದವನು. ಹೀಗೆ ಪ್ರತಿಗಳ ಸರದಿಯಲ್ಲಿ ಹಿಂದೆ ಉಳಿದದ್ದು ದುರ್ಬಲನ ದಾಖಲೆಯೇ ಆಯಿತು. ಯಾರೂ ಹಾಗೆಂದು ಬಗೆದು ಮಾಡಿದ್ದಲ್ಲವೆಂಬುದು ನಿಜ. ಆದರೆ ಫಲ ಬೇರೆಯಾಗಲಿಲ್ಲ.

ಅರ್ಜಿಗಳಿಗೆ ಬಂದ ಕ್ರಮ ನ್ಯಾಯವಾದದ್ದು, ಏಕೆಂದರೆ ಅರ್ಜಿದಾರರು ಕಾನೂನಿನ ಕಣ್ಣಿಗೆ ಸಮಾನರು. ಪ್ರತಿಗಳಿಗೆ ಅದೇ ನಿಯಮವನ್ನು ಹಚ್ಚಲಾಗದು, ಏಕೆಂದರೆ ದಾಖಲೆಗಳು ಸಮಾನವಲ್ಲ. ಹೆಚ್ಚು ಜನ ಕೇಳುವ ದಾಖಲೆ ಮೊದಲು ಎಂಬುದು ಇಂದು ಸಾಮಾನ್ಯವಾಗಿ ನಡೆಯುವ ಲೆಕ್ಕ. ನಾವು ಸೂಚಿಸುವ ಲೆಕ್ಕ ಬೇರೆ. ಕಳೆದರೆ ಮತ್ತೆಲ್ಲಿಂದಲೂ ಕಟ್ಟಿಕೊಳ್ಳಲಾಗದುದು ಮೊದಲು ಹೋಗಲಿ. ಇಂದಿನ ಪಹಣಿ ಕೆಟ್ಟರೆ ನಿನ್ನೆಯದರಿಂದ ಅದನ್ನು ಕಟ್ಟಬಹುದು. ನೋಂದಣಿ ಕಚೇರಿಯಲ್ಲಿ ಕ್ರಯಪತ್ರದ ನಕಲು ಇದೆ. ಆದರೆ ೧೯೬೩ರ ಅಂಚಿನ ಆಚೆಗಿನ ಶಾನುಭೋಗರ ಲೆಕ್ಕಕ್ಕೆ, ನೋಂದಣಿಯಾಗದ ಪಾಲುಪಾರಿಕತ್ತಿಗೆ, ದರಖಾಸ್ತಿನ ಮೂಲಕ್ಕೆ ಜೊತೆಯ ಪ್ರತಿ ಇಲ್ಲ. ಮಧುಗಿರಿ ಉಪವಿಭಾಗದಲ್ಲಿ ಸ್ಕ್ಯಾನಿನ ಸರದಿಯನ್ನು ಗೊತ್ತುಮಾಡುವವರು ಇಂತಹ ಒಂಟಿ ದಾಖಲೆಗಳನ್ನು ಮೊದಲಿಗೆ ಇಡಲಿ. ಅಮಾಂಡದ ರೀತಿಯಲ್ಲಿ ಒಂದು ಗಡುವನ್ನೂ ಹಾಕಿಕೊಂಡು, ಅದರೊಳಗೆ ಪ್ರತಿಯೊಂದು ಗ್ರಾಮದ ಒಂದು ಗಂಟಾದರೂ ಬಿಚ್ಚುವಂತೆ ನೋಡಿಕೊಳ್ಳಲಿ. ತಾಲ್ಲೂಕಿನ ಮೂಲೆಯ ಗ್ರಾಮಗಳು ಅಕಾರಾದಿಯ 'ಹ'ಕಾರದಲ್ಲಿಯೋ ಹೋಬಳಿಯ ಕೊನೆಯಲ್ಲಿಯೋ ಇದ್ದಮಾತ್ರಕ್ಕೆ ಕಾಯಬೇಕಾದದ್ದು ಯಾವ ನ್ಯಾಯ?

ಇದಕ್ಕೆ ಒಂದು ಅಪವಾದವನ್ನು ಟೇಪಿನವರಿಂದಲೇ ಕಲಿಯಬಹುದು. ಎಲ್ಲಿಯಾದರೂ ಯಂತ್ರ ಕೆಟ್ಟು ದತ್ತಾಂಶವನ್ನು ಸುರುಳಿಯಿಂದ ಹಿಂದಕ್ಕೆ ತರಬೇಕಾದಾಗ, ಪ್ರತಿಮಾಡುವ ಕೆಲಸಗಳೆಲ್ಲ ಬದಿಗೆ ಸರಿಯಬೇಕು. ವಿವೇಕಿಯಾದ ಆಡಳಿತಗಾರನು ಇಂತಹ ಹೊತ್ತಿಗೆಂದೇ ಒಂದು ಟೇಪಿನ ಯಂತ್ರವನ್ನು ಬಿಡುವಾಗಿ ಇಟ್ಟಿರುತ್ತಾನೆ. ನ್ಯಾಯಾಲಯದಲ್ಲಿ ವ್ಯಾಜ್ಯ ನಡೆಯುತ್ತಿರುವ ರೈತನು ಮೂಲಕಾಗದವನ್ನು ಕೇಳಿ ಬಂದಾಗ, ಆ ಗ್ರಾಮದ ಗಂಟು ಇನ್ನೂ ಸರದಿಗೆ ಬಂದಿಲ್ಲವೆಂಬ ಉತ್ತರ ಸಲ್ಲದು. ಅವನ ಗಂಟನ್ನು ಅಂದೇ ಬಿಚ್ಚಿ, ಬಿಚ್ಚಿದ ಕಾರಣಕ್ಕಾಗಿಯೇ ಅದನ್ನು ಅಂದೇ ಪೂರ್ತಿಯಾಗಿ ಪ್ರತಿಮಾಡಿಬಿಡಬಹುದು. ಎರಡು ಕೆಲಸವೂ ಒಂದರಲ್ಲಿ ತೀರುತ್ತದೆ.

ಕೊನೆಯದಾಗಿ ಅನುಕ್ರಮಣಿಕೆಯ ಮಾತು. ಬ್ಯಾಕುಲಾದಲ್ಲಿ ಯಾವ ದತ್ತಾಂಶ ಯಾವ ಸುರುಳಿಯಲ್ಲಿದೆ ಎಂಬ ಸೂಚಿಯನ್ನು ಪ್ರತ್ಯೇಕವಾಗಿ ಇಡುತ್ತಾರೆ. ಜೊತೆಗೆ ಬರುವ ಮಾದರಿ ವ್ಯವಸ್ಥೆಯಲ್ಲಿ ಈ ಸೂಚಿಯ ಪ್ರತಿಗೆ ಕೊಟ್ಟಿರುವ ಅಂಕಿ ೧೧. ಹತ್ತರ ಕೆಲಸಗಳೆಲ್ಲ ಮುಗಿದಮೇಲೆ, ಅಂದಿನ ರಾತ್ರಿ ಬರೆದದ್ದೂ ಸೇರಿದಂತೆ, ಸೂಚಿ ಟೇಪಿಗೆ ಇಳಿಯಲೆಂಬುದು ಇದರ ಅರ್ಥ. ಕೊನೆಯ ಸ್ಥಾನ ಇಲ್ಲಿ ಅವಗಣನೆಯಲ್ಲ. ಸೂಚಿ ಕಳೆದರೆ ಸುರುಳಿಗಳು ಕೈಯಲ್ಲಿದ್ದರೂ ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಕಚೇರಿಯಲ್ಲಿ ನಾವು ೧೯೫೦ರ ದಶಕದ ಒಂದು ವಹಿಯನ್ನು ಹುಡುಕಿಕೊಂಡು ಹೋಗಿದ್ದೆವು. ದಾಖಲೆಕೊಠಡಿಯ ಸಿಬ್ಬಂದಿ ನಮ್ಮನ್ನು ಆದರದಿಂದಲೇ ಕಂಡರು. ಗಂಟುಗಳನ್ನು ಕೆಳಗಿಳಿಸಿ ಧೂಳು ಕೊಡವಿ ಕೊಟ್ಟರು. ಗಂಟುಗಳ ಮೇಲಿನ ಚೀಟಿಗಳು ಬಹುಪಾಲು ಉದುರಿಹೋಗಿದ್ದವು. ಎರಡು ದಿನ ಬಿಚ್ಚಿ ಕಟ್ಟಿದೆವು. ನಮಗೆ ಬೇಕಾದ ವಹಿ ಸಿಕ್ಕಲಿಲ್ಲ. ಅದು ಇಲ್ಲವೆಂದು ಹೇಳುವುದಕ್ಕೂ ಆಧಾರವಿರಲಿಲ್ಲ. ಹೊರಡುವಾಗ, ಬಾಗಿಲ ಪಕ್ಕದ ಗೂಡಿನಲ್ಲಿ ಹೊದಿಕೆ ಹರಿದ ಒಂದು ಪುಸ್ತಕ ಕಂಡಿತು. ತೆರೆದು ನೋಡಲಾಗಿ ಅದು ಆ ಕೊಠಡಿಯ ರುಮಾಲುಗಳ ಪಟ್ಟಿ; ಗ್ರಾಮವಾರು, ವರ್ಷವಾರು, ಅಂದವಾದ ಕೈಬರಹದಲ್ಲಿ ಬರೆದದ್ದು. ಮೊದಲ ಹದಿನೈದು ಇಪ್ಪತ್ತು ಹಾಳೆಗಳನ್ನು ಗೆದ್ದಲು ತಿಂದಿತ್ತು. ಅದನ್ನು ಸ್ಕ್ಯಾನಿಗೆ ಕಳುಹಿಸಬೇಕಾದ ದಾಖಲೆಗಳ ಸಾಲಿನಲ್ಲಿ ಸೇರಿಸಿದೆಯೇ ಎಂದು ಕೇಳಿದೆವು. ಅದು ದಾಖಲೆಯಲ್ಲ, ಪಟ್ಟಿ ಎಂದು ಉತ್ತರ ಬಂತು.